ಜಗಲಿಯ ಕಂದಾಯ

ಅಪ್ಪ ಅಮ್ಮನ ಮನೆಯ ಮುಂದಿನ ರಸ್ತೆಯ ನಡುವೆ ಒಂದು ಗೆರೆ ಇತ್ತು. ಅದನ್ನು ಯಾರೂ ಎಳೆದಿರಲಿಲ್ಲ, ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ. ಆದರೂ ಬೀದಿಯ ದನಗಳನ್ನು ಬಿಟ್ಟರೆ ಉಳಿದವರಿಗೆಲ್ಲ ಅದು ಎಲ್ಲಿದೆಯೆಂದು ಗೊತ್ತಿತ್ತು. ಗೆರೆಯ ಈಚೆ ಶಿವಮೊಗ್ಗ ನಗರ, ಆಚೆ ಪಂಚಾಯ್ತಿ. ಈಚೆ ಬೀದಿದೀಪ, ಕಸದ ಗಾಡಿ, ನಲ್ಲಿ ನೀರು ಮತ್ತು ಅದಕ್ಕೆ ತಕ್ಕ ಕಂದಾಯ. ಆಚೆ ಬೋರ್‌ವೆಲ್ ನೀರು, ಹೊತ್ತು ಮುಳುಗಿದ ಕೂಡಲೇ ಕತ್ತಲು, ಹೆಸರಿಗೊಂದಿಷ್ಟು ಕಂದಾಯ. ಸಂಜೆ ತೌರಿಗೆ ಹೋದಾಗಲೆಲ್ಲ ನಾನು ಒಂದು ಕಾಲನ್ನು ಪಟ್ಟಣದಲ್ಲೂ ಇನ್ನೊಂದನ್ನು ಹಳ್ಳಿಯಲ್ಲೂ ಇಟ್ಟುಕೊಂಡು ಆ ರಸ್ತೆಯ ನಟ್ಟನಡುವೆ ನಡೆಯುತ್ತಿದ್ದೆ. ನಲವತ್ತು ದಾಟಿದ ಹೆಂಗಸು ಮಾಡುವ ಕೆಲಸವಲ್ಲ, ನಿಜ. ಆದರೆ ಆ ಹೊತ್ತಿನಲ್ಲಿ ಆಚೆಯ ಗದ್ದೆಯಿಂದ ತಣ್ಣನೆ ಗಾಳಿ ಬರುತ್ತಿತ್ತು, ಈಚೆಯ ಮನೆಗಳಿಂದ ಒಗ್ಗರಣೆಯ ಘಮ ಬರುತ್ತಿತ್ತು. ಎರಡೂ ಬೇಕೆನಿಸುತ್ತಿತ್ತು.

ನಾನಿರುವುದು ದುರ್ಗಿಗುಡಿಯಲ್ಲಿ, ನನ್ನ ಗಂಡನ ಅಜ್ಜನ ಕಾಲದ ಮನೆಯಲ್ಲಿ. ನಡುಮನೆಯಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಂಡು ನಿಲ್ಲಬೇಕು, ಅಷ್ಟು ಇಕ್ಕಟ್ಟು. ಆದರೆ ಪೇಟೆಯ ಮಧ್ಯದ ನೆಲ ನೋಡಿ, ನೆಲಕ್ಕೆ ಬೆಲೆ ಬಂದಿದೆ, ಬೆಲೆಯ ಮೇಲೆ ತೆರಿಗೆ ಕೂತಿದೆ. ಅಪ್ಪನ ಮನೆ ನಮ್ಮದರ ಎರಡರಷ್ಟಿದ್ದರೂ ಅವರ ತೆರಿಗೆ ನಮ್ಮದಕ್ಕಿಂತ ಕಡಿಮೆ. ಅವರ ಎದುರಿಗೆ, ಗೆರೆಯ ಆಚೆ, ಬೀದಿಯವರೆಲ್ಲ ದೊಡ್ಡಮ್ಮ ಎಂದು ಕರೆಯುವ ಮುದುಕಿಯದು ಹಿತ್ತಿಲು, ಕೊಟ್ಟಿಗೆ, ಕಣ ಎಲ್ಲ ಸೇರಿ ಅಪ್ಪನ ಮನೆಯಂಥ ನಾಲ್ಕು ಮನೆ ಹಿಡಿಯುವಷ್ಟು ಜಾಗ. ಅವರು ಕಟ್ಟುತ್ತಿದ್ದದ್ದು ಎಲ್ಲರಿಗಿಂತ ಕಡಿಮೆ. ಮನೆ ಹಿಗ್ಗಿದಷ್ಟೂ ತೆರಿಗೆ ಕುಗ್ಗುವ ಈ ಲೆಕ್ಕ, ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ನನಗೇ ಇನ್ನೂ ಅರ್ಥವಾಗಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಪ್ರತಿ ಏಪ್ರಿಲ್‌ನಲ್ಲಿ ಒಂದು ವಾರ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸುವುದಿಲ್ಲ.

ಚಿಕ್ಕಂದಿನಲ್ಲಿ ಹೀಗಿರಲಿಲ್ಲ. ನಾನು ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿನ ಶಾಲೆಯಲ್ಲಿ ಸಂಸ್ಕೃತದ ಮೇಷ್ಟ್ರು. ನಮ್ಮ ಎಡಕ್ಕೆ ತಮಿಳರ ಮನೆ, ಬಲಕ್ಕೆ ತೆಲುಗರ ಮನೆ. ಮೂರಕ್ಕೂ ಒಂದೇ ಅಳತೆ, ಒಂದೇ ಸುಣ್ಣ. ನಲ್ಲಿ ಸೋರಿದರೆ ಚೀಟಿ ಬರೆದುಕೊಟ್ಟರಾಯಿತು, ಫಿಟ್ಟರ್ ಬರುತ್ತಿದ್ದ. ಬೆಳಗಿನ ಸೈರನ್ ಕೂಗಿದರೆ ಮೂರು ಮನೆಯ ಬಾಗಿಲೂ ಒಟ್ಟಿಗೇ ತೆರೆಯುತ್ತಿದ್ದವು. ಕಂದಾಯ ಎಂಬ ಮಾತನ್ನೇ ನಾನು ಕೇಳಿರಲಿಲ್ಲ. ಮನೆ ಎಂದರೆ ಮಳೆಯ ಹಾಗೆ, ತಾನೇ ಬರುವಂಥದ್ದು ಎಂದುಕೊಂಡಿದ್ದೆ.

ಕಂದಾಯವನ್ನು ಮೊದಲು ನೋಡಿದ್ದು ಭದ್ರಾವತಿಯ ಓಲ್ಡ್ ಟೌನಿನಲ್ಲಿ, ನನ್ನ ಜೊತೆ ಓದುತ್ತಿದ್ದವಳ ಮನೆಯಲ್ಲಿ. ಅಡುಗೆಮನೆಯ ಬಾಗಿಲ ಪಕ್ಕ ಒಂದು ಕೊಕ್ಕೆ ತಂತಿ, ಅದಕ್ಕೆ ಚುಚ್ಚಿದ ಹಳದಿ ಬಿಳಿ ಚೀಟಿಗಳು. ಗಾಳಿ ಬಂದಾಗ ಒಣಗಿದ ಎಲೆಯಂತೆ ಸದ್ದು ಮಾಡುತ್ತಿದ್ದವು. ಅವಳ ಅಜ್ಜಿ, "ಅವು ಮನೆ ಕಂದಾಯದ ರಸೀದಿ, ಮುಟ್ಬೇಡ್ರೇ," ಎಂದು ಗದರಿದರು. ಮನೆಗೆ ಬಂದು ಅಪ್ಪನನ್ನು ಕೇಳಿದೆ, ನಮ್ಮನೇಲಿ ಯಾಕೆ ಅದಿಲ್ಲ ಎಂದು.

"ಈ ಮನೆ ನಮ್ದಲ್ಲ ಕೂಸೆ. ಸ್ವಂತ ಮನೆ ಇದ್ದೋರು ಕಂದಾಯ ಕಟ್ತಾರೆ," ಎಂದರು ಅಪ್ಪ. ಹೇಳುವಾಗ ಅವರ ದನಿಯಲ್ಲಿ ಸಣ್ಣ ಆಸೆ ಇತ್ತು, ಅದು ನನಗೆ ಆಗಲೇ ಕೇಳಿಸಿತು. ಆಮೇಲೆ ಬಹಳ ವರ್ಷ ನಾನು ಕಂದಾಯವನ್ನು ಓಲೆ, ಜುಮುಕಿಯ ಸಾಲಿಗೇ ಸೇರಿಸಿದ್ದೆ. ಇದ್ದವರಿಗೆ ಮಾತ್ರ ಇರುವ ಒಂದು ಚೆಂದದ ವಸ್ತು.

ಅಪ್ಪ ರಿಟೈರ್ ಆದ ಮೇಲೆ ಕ್ವಾರ್ಟರ್ಸ್ ಬಿಟ್ಟುಕೊಟ್ಟು, ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಒಂದು ವರ್ಷ ಬಾಡಿಗೆಗಿದ್ದು, ಊರಿನ ಅಂಚಿನಲ್ಲಿ ಈ ಮನೆ ಕಟ್ಟಿಸಿದರು. ನಗರದ ಕಟ್ಟಕಡೆಯ ಸಾಲು. ಇನ್ನು ಹತ್ತು ಹೆಜ್ಜೆ ಆಚೆ ಸೈಟು ಕೊಂಡಿದ್ದರೆ ಪಂಚಾಯ್ತಿಗೆ ಹೋಗುತ್ತಿತ್ತು, ಖರ್ಚೂ ಉಳಿಯುತ್ತಿತ್ತು. ನಾನದನ್ನು ಹೇಳಿದಾಗ ಅಪ್ಪ ನಕ್ಕುಬಿಟ್ಟರು. ಮೊದಲ ವರ್ಷ ಏಪ್ರಿಲ್‌ನಲ್ಲಿ ಕೌಂಟರ್ ತೆರೆಯುವ ಮುಂಚೆಯೇ ಹೋಗಿ ಸಾಲಿನಲ್ಲಿ ನಿಂತು, ರಸೀದಿ ತಂದು ದೇವರ ಮುಂದಿಟ್ಟರು. ಅಮ್ಮ ಕೇಸರಿಬಾತ್ ಮಾಡಿದಳು. ಕಂದಾಯ ಕಟ್ಟಿದ್ದಕ್ಕೆ ಸಿಹಿ ಮಾಡಿದ ಮನೆ ಈ ಜಿಲ್ಲೆಯಲ್ಲಿ ಇನ್ನೊಂದು ಇರಲಾರದು.

ನಗರದಲ್ಲಿ ತೆರಿಗೆಯ ಫಾರಂ ಅನ್ನು ನಾವೇ ತುಂಬಬೇಕು. ನಮ್ಮ ಮನೆ ಎಷ್ಟು ಅಡಿ, ಯಾವುದಕ್ಕೆ ಬಳಸುತ್ತೇವೆ ಎಂದು ನಾವೇ ಬರೆದು, ನಾವೇ ಲೆಕ್ಕ ಹಾಕಿ ಕಟ್ಟಬೇಕು. ಅದಕ್ಕಾಗಿ ಅಪ್ಪ ಟೇಪು ತಂದು ಮನೆ ಅಳೆದರು. ಒಂದು ತುದಿ ಹಿಡಿಯಲು ನಾನು. ತುಳಸಿಕಟ್ಟೆಯನ್ನೂ ಅಳೆಯಲು ಹೊರಟಾಗ ಅಮ್ಮ, "ಅದಕ್ಕೆ ಸೂರೆಲ್ಲಿದೇರೀ?" ಎಂದು ತಡೆದಳು. ಆ ಬೆಳಗ್ಗೆ ಅಪ್ಪನ ಮುಖದಲ್ಲಿದ್ದ ಕಳೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆದರೆ ಅಳೆಯುವುದು ಮುಗಿದ ಮೇಲೆ ಅವರಿಗೆ ಮಾಡಲು ಏನೂ ಉಳಿಯಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಗಂಟೆಗೆ ಸರಿಯಾಗಿ ಪಾಠ ಹೇಳಿದ ಮನುಷ್ಯ, ಜಗಲಿಯಲ್ಲಿ ಸುಮ್ಮನೆ ಕೂತು ಎದುರಿನ ಗದ್ದೆ ನೋಡತೊಡಗಿದರು. ಊಟ ಕಡಿಮೆಯಾಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಕಾಯಿಲೆ ಏನೂ ಇಲ್ಲ ಎಂದರು. ಕಾಯಿಲೆ ಇಲ್ಲದಿರುವುದೇ ನನಗೆ ಭಯ ಹುಟ್ಟಿಸಿತು. ಅಮ್ಮ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು, "ಇವರು ಹಿಂಗೇ ಕರಗಿ ಹೋಗ್ತಾರೆ ಕಣೇ."

ಅವರನ್ನು ಉಳಿಸಿದ್ದು ಬೀದಿಯ ಮಕ್ಕಳು. ಸಂಸ್ಕೃತ ತೆಗೆದುಕೊಂಡರೆ ನಂಬರು ಚೆನ್ನಾಗಿ ಬರುತ್ತದೆಂದು ಶಾಲೆಯಲ್ಲಿ ತೆಗೆದುಕೊಂಡು, ಅದು ತಲೆಗೆ ಹತ್ತದೆ, ಒಬ್ಬೊಬ್ಬರಾಗಿ ಜಗಲಿಗೆ ಬಂದರು. ಒಂದು ತಿಂಗಳಲ್ಲಿ ಹದಿನೈದು ಮಂದಿಯಾದರು. ಸಂಜೆ ಐದೂವರೆಗೆ ಜಗಲಿ ತುಂಬಿ "ವೃಕ್ಷಃ ವೃಕ್ಷೌ ವೃಕ್ಷಾಃ" ಎಂಬ ರಾಗ ರಸ್ತೆಯವರೆಗೆ ಬರುತ್ತಿತ್ತು. ಅಪ್ಪ ಎರಡು ಚಪಾತಿ ಹೆಚ್ಚು ತಿನ್ನತೊಡಗಿದರು. ಅಮ್ಮನನ್ನು ರೇಗಿಸತೊಡಗಿದರು. ನಾನು ನಿರಾಳವಾದೆ.

ಕೆಟ್ಟದ್ದು ಒಂದು ಲಕೋಟೆಯಿಂದ. ಉಳಿದವರು ಗುರುಪೂರ್ಣಿಮೆಗೆ ತೆಂಗಿನಕಾಯಿಯೋ ಬಾಳೆಗೊನೆಯೋ ತಂದು ನಮಸ್ಕಾರ ಮಾಡಿ ಹೋಗುತ್ತಿದ್ದರು. ಒಬ್ಬ ತಾಯಿ ಮಾತ್ರ, "ಸುಮ್ನೆ ಕಲ್ಸಿದ್ರೆ ಮಕ್ಳಿಗೆ ಬೆಲೆ ಗೊತ್ತಾಗಲ್ಲ ಸಾರ್," ಎಂದು ತಿಂಗಳಿಗೊಂದು ಲಕೋಟೆ ಕೊಡಲು ಶುರುಮಾಡಿದರು. ಅಪ್ಪ ಬೇಡವೆಂದರೂ ಕೇಳಲಿಲ್ಲ. ಮರು ಏಪ್ರಿಲ್‌ನಲ್ಲಿ ಅಪ್ಪ ಫಾರಂ ತುಂಬುವಾಗ, ವಾಸ, ವಾಣಿಜ್ಯ ಎಂಬ ಎರಡು ಕಾಲಂಗಳ ಮುಂದೆ ಅರ್ಧ ಗಂಟೆ ಕೂತರು. ನಂತರ ಟೇಪು ತಂದು ಜಗಲಿಯನ್ನು ಬೇರೆಯಾಗಿ ಅಳೆದು, ಅದರ ಎದುರು ವಾಣಿಜ್ಯ ಎಂದು ಬರೆದರು.

ನನಗೆ ಗೊತ್ತಾದದ್ದು ರಸೀದಿ ಬಂದ ಮೇಲೆ. ತೆರಿಗೆ ಏರಿತ್ತು.

"ಅಪ್ಪಾ, ನಿಮಗೇನು ಬುದ್ಧಿಗಿದ್ಧಿ ಇದೆಯಾ? ತಮ್ಮನೆ ಜಗಲೀನ ಯಾರಾದ್ರೂ ಅಂಗಡಿ ಅಂತ ಬರೀತಾರಾ?"

"ದುಡ್ಡು ಬಂದ ಮೇಲೆ ಅದು ವ್ಯಾಪಾರವೇ ಅಲ್ವೇನೆ? ಕೇಳಿದ್ದಾರೆ. ಇದ್ದದ್ದು ಇದ್ದ ಹಾಗೆ ಬರೀಬೇಕು."

"ಇರಲಾರದೆ ಇರುವೆ ಬಿಟ್ಕೊಂಡ್ರಂತೆ," ಎಂದಳು ಒಳಗಿನಿಂದ ಅಮ್ಮ. ಅಪ್ಪ ನಕ್ಕರು. ಅವರ ನಗುವಿನ ಮುಂದೆ ನನ್ನ ಸಿಟ್ಟು ಯಾವತ್ತೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದೂ ನನಗೆ ಸಿಟ್ಟು ತರಿಸುತ್ತದೆ.

ಎರಡು ವರ್ಷ ಹಾಗೇ ಕಟ್ಟಿದರು. ಮೂರನೆಯ ವರ್ಷ ನಗರದ ಕಂದಾಯ ಕಚೇರಿಯಿಂದ ಒಂದು ಕಾಗದ ಬಂತು. ವಾಣಿಜ್ಯ ಬಳಕೆ ಎಂದಿದೆ, ಉದ್ದಿಮೆ ಪರವಾನಗಿ ಕಾಣುತ್ತಿಲ್ಲ, ವಿವರಣೆ ಕೊಡಿ ಎಂದು. ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟುಕೊಂಡು ನನ್ನ ಜೊತೆ ಕಚೇರಿಗೆ ಬಂದರು. ಪರವಾನಗಿಯನ್ನೇ ತೆಗೆದುಕೊಂಡುಬಿಡುವ ಎಂದು ಅವರ ಉತ್ಸಾಹ. ಅರ್ಜಿಯ ಜೊತೆ ಉದ್ದಿಮೆಗಳ ಪಟ್ಟಿ ಇತ್ತು. ಹಿಟ್ಟಿನ ಗಿರಣಿ, ಹೋಟೆಲು, ಕ್ಷೌರದಂಗಡಿ, ಟೈಲರ್, ಬೀಡಾ ಅಂಗಡಿ. ಅಪ್ಪ ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದರು, ಮತ್ತೆ ಕೆಳಗಿನಿಂದ ಮೇಲೆ ಓದಿದರು. ಶಬ್ದರೂಪ ಹೇಳಿಕೊಡುವವರು ಅದರಲ್ಲಿ ಎಲ್ಲೂ ಇರಲಿಲ್ಲ.

ಕೌಂಟರಿನಲ್ಲಿದ್ದ ಗುಮಾಸ್ತರು ಒಳ್ಳೆಯ ಮನುಷ್ಯ. ವಿಷಯ ಕೇಳಿ ಪೆನ್ನು ಕೆಳಗಿಟ್ಟು ನಕ್ಕರು. "ನಾಲ್ಕ್ ಮಕ್ಳಿಗೆ ಪಾಠ ಹೇಳೋದನ್ನ ಯಾರು ಮೇಷ್ಟ್ರೆ ವ್ಯಾಪಾರ ಅಂದಿದ್ದು? ತೆಗೆಸಿಬಿಡೋಣ. ಜಗಲೀಲಿ ಯಾವ ಚಟುವಟಿಕೆನೂ ನಡೀತಿಲ್ಲ, ವಾಸಕ್ಕೆ ಮಾತ್ರ ಅಂತ ಒಂದು ಸಾಲು ಬರ್ದು ಸೈನ್ ಹಾಕಿ. ಮುಗೀತು."

ಅಪ್ಪ ಹಾಳೆ ತೆಗೆದುಕೊಂಡರು. ಪೆನ್ನು ಬಿಚ್ಚಿದರು. "ನಡೀತಿದೆಯಲ್ಲಪ್ಪ," ಎಂದರು ಮೆಲ್ಲಗೆ.

"ಬರೀಲಿಕ್ಕೆ ಅಷ್ಟೇ ಮೇಷ್ಟ್ರೆ."

"ನಡೀತಿಲ್ಲ ಅಂತ ಬರೆದ್ಮೇಲೆ ನಡೆಸಬಾರ್ದು."

ನಾನು ಅವರ ಮೊಣಕೈ ತಿವಿದೆ. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಅಪ್ಪ ಆ ಸಾಲನ್ನು ಬರೆದು, ಸಹಿ ಹಾಕಿ, ಗುಮಾಸ್ತರಿಗೆ ಕೈಮುಗಿದು ಹೊರಬಂದರು. ಸಂಜೆ ಮಕ್ಕಳು ಬಂದಾಗ ಬಾಗಿಲಲ್ಲೇ ನಿಂತು, "ಇನ್ಮೇಲೆ ಪಾಠ ಇಲ್ಲಪ್ಪ," ಎಂದರು. ಮಕ್ಕಳು ಸ್ವಲ್ಪ ಹೊತ್ತು ಗೇಟಿನ ಹತ್ತಿರ ನಿಂತಿದ್ದು ಹೋದರು. ಅಪ್ಪ ಮತ್ತೆ ಗದ್ದೆ ನೋಡುತ್ತ ಕೂತರು. ಚಪಾತಿ ಮತ್ತೆ ಎರಡಕ್ಕೆ ಇಳಿಯಿತು, ಆಮೇಲೆ ಒಂದಕ್ಕೆ. "ಊರಿಗೇ ಒಂದು ದಾರಿಯಾದ್ರೆ ಎಡವಟ್ಟನಿಗೇ ಒಂದು ದಾರಿ," ಎಂದು ಅಮ್ಮ ಬೈದಳು, ಬೈದು ಅತ್ತಳು. ನನಗೆ ಅಪ್ಪನ ಸತ್ಯದ ಮೇಲೆ ಅಂಥ ಸಿಟ್ಟು ಯಾವತ್ತೂ ಬಂದಿರಲಿಲ್ಲ. ಅದು ಅವರನ್ನು ನಮ್ಮಿಂದ ಕಿತ್ತುಕೊಂಡು ಹೋಗುತ್ತಿತ್ತು.

ಎಂಟು ಹತ್ತು ದಿನ ಹೋಗಿರಬಹುದು. ಎದುರುಮನೆಯ ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದರು. ಅವರದು ಬೇಸಾಯದ ಮನೆ. ಮಂಡಿ ನೋವೆಂದು ಹಸುಗಳನ್ನು ಮಾರಿ ವರ್ಷವಾಗಿತ್ತು, ಕೊಟ್ಟಿಗೆ ಖಾಲಿ ಬಿದ್ದಿತ್ತು. ಅವರ ಮೊಮ್ಮಗಳೂ ಪಾಠಕ್ಕೆ ಬರುತ್ತಿದ್ದವಳೇ.

"ಏನ್ ಮಾರಾಯ್ರೆ, ಪಾಠ ನಿಲ್ಲಿಸಿಬಿಟ್ರಂತೆ? ನಮ್ ಕಡೆ ಬನ್ನಿ. ಕೊಟ್ಟಿಗೆ ಸಾರಿಸಿ ಕೊಡ್ತೀನಿ. ನಮ್ದು ಪಂಚಾಯ್ತಿ, ಆ ಕಾಲಂ ಈ ಕಾಲಂ ಅಂತ ನಮ್ಮನ್ನ ಯಾರೂ ಕೇಳಲ್ಲ."

ಅಪ್ಪ ತಕ್ಷಣ ಒಪ್ಪಲಿಲ್ಲ. ಪಂಚಾಯ್ತಿಯ ಕರ ವಸೂಲಿಯವನು ಬರುವವರೆಗೆ ಕಾದು, ಅವನನ್ನು ರಸ್ತೆಯಲ್ಲೇ ನಿಲ್ಲಿಸಿಕೊಂಡು ಕೇಳಿದರು. ಅವನು, "ಕೊಟ್ಟಿಗೆಗೆ ನಮ್ಮಲ್ಲಿ ಕಂದಾಯನೇ ಇಲ್ಲ ಸಾರ್. ದನ ಕಟ್ಟಿ, ಮಕ್ಕಳ್ನ ಕಟ್ಟಿ," ಎಂದು ಬೈಕು ಹತ್ತಿ ಹೋದ. ಮರುದಿನ ಅಪ್ಪ ತಮ್ಮ ಮಣೆ, ಪುಸ್ತಕ ಹಿಡಿದುಕೊಂಡು ಗೆರೆ ದಾಟಿದರು.

ಆಮೇಲಿನ ನಾಲ್ಕು ವರ್ಷವನ್ನು ನೆನೆದರೆ ಅದು ನಡೆದದ್ದೋ ನಾನು ಕನಸು ಕಂಡದ್ದೋ ಎಂದು ಗೊತ್ತಾಗದ ಹಾಗಿದೆ. ಸೆಗಣಿ ಸಾರಿಸಿದ ನೆಲ, ಗೋದಲಿಯ ಮೇಲೆ ಸಾಲಾಗಿ ಇಟ್ಟ ಸ್ಕೂಲ್ ಬ್ಯಾಗುಗಳು, ಹಸುಗಳು ಹೋದರೂ ಹೋಗದೆ ಉಳಿದ ಹುಲ್ಲಿನ ವಾಸನೆ. ನಗರದ ಮಕ್ಕಳು ಸಂಜೆಯಾದರೆ ಹಳ್ಳಿಗೆ ಹೋಗುತ್ತಿದ್ದರು, ಹತ್ತು ಹೆಜ್ಜೆ ಇಟ್ಟರೆ ಸಾಕು. ಅಲ್ಲಿ ಅದೇ ಮಕ್ಕಳು, ಅದೇ ಪಾಠ, ಅದೇ ಲಕೋಟೆ. ಈ ಬದಿಯಲ್ಲಿ ವ್ಯಾಪಾರವಾಗಿದ್ದದ್ದು ಆ ಬದಿಯಲ್ಲಿ ಏನೂ ಅಲ್ಲ. ಕತ್ತಲಾಗುವ ಹೊತ್ತಿಗೆ ನಮ್ಮ ಕಡೆಯ ಬೀದಿದೀಪ ಹತ್ತಿಕೊಂಡು ಅದರ ಬೆಳಕು ರಸ್ತೆ ದಾಟಿ ಕೊಟ್ಟಿಗೆಯ ಅರ್ಧದವರೆಗೆ ಚಾಚುತ್ತಿತ್ತು. ಅಪ್ಪ ಅದಕ್ಕೂ ಕೊರಗಿದರು, ನಗರದ ಬೆಳಕಿನಲ್ಲಿ ಪಂಚಾಯ್ತಿಯಲ್ಲಿ ಪಾಠ ಮಾಡುವುದು ಸರಿಯೇ ಎಂದು. "ಆ ದೀಪಕ್ಕೆ ತೆರಿಗೆ ಕಟ್ಟಿದೋರು ನಾವೇ ತಾನೆ? ಸುಮ್ನೆ ಕೂತ್ಕೊಳ್ಳಿ," ಎಂದಳು ಅಮ್ಮ. ಮರುದಿನ ಅಪ್ಪ ಮಣೆಯನ್ನು ಆ ಬೆಳಕಿಗೇ ಸರಿಸಿಕೊಂಡರು.

ದೊಡ್ಡಮ್ಮ ಬಾಗಿಲ ಹತ್ತಿರ ಕಂಬಕ್ಕೆ ಒರಗಿ ಕೂತು ಅವರೆಕಾಯಿ ಸುಲಿಯುತ್ತ ಪಾಠ ಕೇಳುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ, ಸಹಿ ಮಾತ್ರ ಹಾಕುತ್ತಿದ್ದರು. ಆದರೆ ಕೇಳಿ ಕೇಳಿ ಎಷ್ಟೋ ಶ್ಲೋಕ ಬಾಯಿಗೆ ಬಂದಿದ್ದವು. ಅಪ್ಪ ಒಂದೊಂದಕ್ಕೂ ಕನ್ನಡದಲ್ಲಿ ಅರ್ಥ ಹೇಳುವರು. ಸತ್ಯದ ಬಗ್ಗೆ ಬಂದರೆ ಸ್ವಲ್ಪ ಉದ್ದವಾಗಿಯೇ ಹೇಳುವರು. ಆಗ ದೊಡ್ಡಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸುತ್ತಿದ್ದರು.

ಊರು ಬೆಳೆಯಿತು. ಗದ್ದೆಯ ಆ ತುದಿಯಲ್ಲಿ ಕಲ್ಯಾಣ ಮಂಟಪ ಎದ್ದಿತು, ಅದರಾಚೆ ಲೇಔಟಿನ ಕಲ್ಲುಗಳು ಬಂದವು. ಒಂದು ದಿನ ನಮ್ಮ ರಸ್ತೆಯ ಗೆರೆ ಎದ್ದು ಎಷ್ಟೋ ದೂರ ಹೋಗಿ ಕೂತಿದೆ ಎಂದು ಗೊತ್ತಾಯಿತು. ದೊಡ್ಡಮ್ಮನ ಮನೆ ಕೂತಲ್ಲೇ ನಗರಕ್ಕೆ ಸೇರಿತ್ತು. ಹಿತ್ತಿಲು, ಕಣ, ಕೊಟ್ಟಿಗೆ ಸಮೇತ. ಮನೆ ಒಂದಿಂಚೂ ಅಲುಗದೆ ತೆರಿಗೆ ಎಷ್ಟೋ ಪಟ್ಟಾಗುತ್ತದೆ ಎಂದು ಅವರ ಮಗ ತಲೆಯ ಮೇಲೆ ಕೈಹೊತ್ತು ಕೂತ. ಬೀದಿದೀಪ ಮಾತ್ರ ಇನ್ನೂ ನಮ್ಮ ಕಡೆಯಲ್ಲೇ ಇತ್ತು.

ಆ ಏಪ್ರಿಲ್‌ನ ಒಂದು ಮಧ್ಯಾಹ್ನ ದೊಡ್ಡಮ್ಮ ಫಾರಂ ಹಿಡಿದು ನಮ್ಮ ಜಗಲಿಗೆ ಬಂದರು. ನಾನೂ ಅಲ್ಲಿದ್ದೆ. ಮಗನಿಗೆ ಇದೆಲ್ಲ ತಿಳಿಯುವುದಿಲ್ಲ, ನೀವೇ ತುಂಬಿಕೊಡಿ ಎಂದರು. ಅಪ್ಪ ಕನ್ನಡಕ ಒರೆಸಿ ಶುರುಮಾಡಿದರು. ಮನೆಯ ಅಳತೆ ಬರೆದರು. ಕೊಟ್ಟಿಗೆಯ ಅಳತೆ ಬರೆದರು. ಬಳಕೆಯ ಕಾಲಂ ಬಂದಾಗ ಅವರ ಪೆನ್ನು ನಿಂತಿತು.

"ಅಲ್ಲಿ ವಾಣಿಜ್ಯ ಅಂತ ಬರೀರಿ ಮೇಷ್ಟ್ರೆ," ಎಂದರು ದೊಡ್ಡಮ್ಮ.

ಅಪ್ಪ ತಲೆ ಎತ್ತಿದರು.

"ನಂಗೆ ಗೊತ್ತು, ನಿಮ್ಮ ಜಗಲಿಗೂ ಹಂಗೇ ಬರ್ದಿದ್ರಿ. ಇದ್ದದ್ದು ಇದ್ದಂಗೆ ಬರೀಬೇಕು ಅಂತ ನೀವೇ ತಾನೆ ದಿನಾ ಮಕ್ಳಿಗೆ ಹೇಳೋದು. ತೆರಿಗೆ ಜಾಸ್ತಿ ಆದ್ರೆ ಆಗ್ಲಿ, ಭತ್ತ ಮಾರಿ ಕಟ್ತೀನಿ. ನಾನೂ ಸುಳ್ಳು ಬರ್ಸೋದು ಬೇಡ, ನಿಮ್ ಪಾಠನೂ ನಿಲ್ಲೋದು ಬೇಡ."

ವಾಣಿಜ್ಯ ಎಂದು ಬರೆದರೆ ಮುಂದೇನಾಗುತ್ತದೆಂದು ಅಪ್ಪನಿಗೆ ಗೊತ್ತಿತ್ತು. ಹೆಚ್ಚಿನ ತೆರಿಗೆ, ಆಮೇಲೊಂದು ಕಾಗದ, ಆಮೇಲೆ ಆ ಪಟ್ಟಿ. ಈ ಮುದುಕಿ ಮಂಡಿ ಹಿಡಿದುಕೊಂಡು ಕೌಂಟರಿನಿಂದ ಕೌಂಟರಿಗೆ ಅಲೆಯಬೇಕು. ವಾಸ ಎಂದು ಬರೆದರೆ, ಅಪ್ಪನ ಪ್ರಕಾರ, ಅದು ಸುಳ್ಳು. ಸುಳ್ಳಾಗದಿರಬೇಕಾದರೆ ಇವತ್ತೇ ಪಾಠ ನಿಲ್ಲಿಸಬೇಕು. ನಾನು ಅವರ ಹಿಂದೆ ನಿಂತಿದ್ದೆ. ಅಪ್ಪನ ಕತ್ತು, ಬೆಳ್ಳಗಾದ ಕೂದಲು, ಬರೆಯದೆ ನಿಂತ ಕೈ ಮಾತ್ರ ನನಗೆ ಕಾಣುತ್ತಿತ್ತು. ದೇವರೇ, ಈ ಮನುಷ್ಯ ಮತ್ತೆ ಗದ್ದೆ ನೋಡುತ್ತ ಕೂರುವ ಹಾಗೆ ಮಾಡಬೇಡ ಎಂದು ಬೇಡಿಕೊಂಡೆ.

ಅಪ್ಪ ಬರೆದರು. ಕೊಟ್ಟಿಗೆಯ ಎದುರು, ಪಾಠಕ್ಕೆ ಬರೆಯುವಷ್ಟೇ ದುಂಡಾದ ಅಕ್ಷರದಲ್ಲಿ, ವಾಸ ಎಂದು ಬರೆದರು.

"ಬರೆದ್ರಾ?" ಎಂದರು ದೊಡ್ಡಮ್ಮ.

"ಇದ್ದದ್ದು ಇದ್ದ ಹಾಗೇ ಬರೆದಿದ್ದೀನಮ್ಮ. ಇಲ್ಲಿ ಸೈನ್ ಹಾಕಿ."

ದೊಡ್ಡಮ್ಮ ಕಷ್ಟಪಟ್ಟು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಸಮಾಧಾನವಾಗಿ ನಕ್ಕು, ಸಂಜೆ ಮಕ್ಕಳಿಗೆ ಪಾನಕ ಮಾಡುತ್ತೇನೆಂದು ಹೇಳಿ ರಸ್ತೆ ದಾಟಿ ಹೋದರು.

ಅಪ್ಪ ಪೆನ್ನಿನ ಮುಚ್ಚಳ ಹುಡುಕಿದರು. ಅದು ಅವರ ಕೈಯಲ್ಲೇ ಇತ್ತು. ಮುಚ್ಚಳ ಹಾಕಿ, ನನ್ನ ಕಡೆ ತಿರುಗದೆ ಕೇಳಿದರು.

"ನೀನು ಓದಿದ್ಯಾ?"

"ಇಲ್ಲಪ್ಪ. ಕನ್ನಡಕ ತಂದಿಲ್ಲ," ಎಂದೆ. ಆಗ ಅವರು ತಿರುಗಿ, ನನ್ನ ಮೂಗಿನ ಮೇಲಿದ್ದ ಕನ್ನಡಕವನ್ನು ಒಂದು ಗಳಿಗೆ ನೋಡಿ, ಮಣೆ ಎತ್ತಿಕೊಂಡು ಪಾಠಕ್ಕೆ ಹೊರಟರು.